ನಮಗ ಹಿಮಾಲಯ ಇಲ್ಲ, ಅಡವಿ ಐತಿ



ಭೂಗೋಳ ಪಾಠದಲ್ಲಿ ಸರ್ ಹೇಳಿದರು: ಗಂಗಾ ನದಿಗೆ ಬೇಸಿಗೆಯಲ್ಲೂ ಹಿಮ ಕರಗಿ ನೀರು ಬರುತ್ತದೆ. ಹಾಗಾದರೆ ನಮ್ಮ ನೀರು ಎಲ್ಲಿಂದ ಬರುತ್ತದೆ ಎಂದು ನಾನು ಹುಡುಕಿದೆ.

ಹುಬ್ಬಳ್ಳಿ-ಧಾರವಾಡದ ಜನ ಹೆಚ್ಚಾಗಿ ಕುಡಿಯುವುದು ಮಲಪ್ರಭೆಯ ನೀರು. ಅದು ಸವದತ್ತಿ ಹತ್ತಿರದ ನವಿಲುತೀರ್ಥ ಆಣೆಕಟ್ಟಿನಿಂದ ಬರುತ್ತದೆ. ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಹಿಮ ಬೀಳುವುದಿಲ್ಲ, ಜೋರು ಮಳೆ ಬೀಳುತ್ತದೆ. ಅಡವಿಯ ಮಣ್ಣು ಆ ನೀರು ಕುಡಿದು, ಮಳೆ ನಿಂತ ಮೇಲೆ ಸಾವಕಾಶ ಬಿಡುತ್ತದೆ. ಆದ್ದರಿಂದ ಆ ಅಡವಿಯೇ ನಮ್ಮ ಹಿಮ.

2018 ರಲ್ಲಿ ನ್ಯಾಯಮಂಡಳಿಯು ಮಹಾದಾಯಿಯ ಕಳಸಾ, ಬಂಡೂರಿ ಹಳ್ಳಗಳಿಂದ ಮಲಪ್ರಭೆಗೆ 3.9 ಟಿಎಂಸಿ ನೀರು ಒಪ್ಪಿತು. "ಆ ನೀರು ಬಂದರ ಸಾಕು, ನಮ್ಮ ಬರ ಹೋಗತೈತಿ" ಅಂತಾನ ನಮ್ಮ ಅಜ್ಜ. ಆದರೆ ಅದು ಕುಡಿಯಲಿಕ್ಕೆ ಕೊಟ್ಟ ನೀರು. ನಮ್ಮ ಎರಿ ಹೊಲದ ಹಿಂಗಾರಿ ಜೋಳ, ಕಡಲೆ ಬೆಳೆಯುವುದು ಮಣ್ಣಿನಲ್ಲಿ ಉಳಿದ ಹಸಿಯಿಂದ.

ಹೋದ ವರ್ಷ ನಮ್ಮ ಹೊಲದ ಒಡ್ಡು ಒಡೆಯಿತು. ನಾವು ಕಟ್ಟಲಿಲ್ಲ. ಮಳೆನೀರು ಮಣ್ಣಿನ ಸಮೇತ ಹಳ್ಳಕ್ಕೆ ಹೋಯಿತು. ಕಡಲೆ ಕಾಯಿ ಹಿಡಿಯುವ ಮೊದಲೇ ಒಣಗಿತು. ಬಾಜೂ ಹೊಲದಾಗ ಕೃಷಿಹೊಂಡ ಇತ್ತು. ಅವರು ಒಂದು ಸಲ ನೀರು ಹಾಯಿಸಿದರು, ಅವರ ಕಡಲೆ ಬದುಕಿತು.

ನಮ್ಮ ಪಾಲಿನ ನೀರು ಕೇಳೋಣ, ತಪ್ಪಲ್ಲ. ಆದರೆ ನೀರು ತರಲಿಕ್ಕೆ ಹೋಗಿ ಅಡವಿ ಕಡಿದರೆ, ಕೊಡ ತುಂಬಲು ಹೋಗಿ ಬಾವಿ ಮುಚ್ಚಿದಂತೆ. "ಅಜ್ಜಾ, ಮೊದಲು ಒಡ್ಡು ಕಟ್ಟೂಣು" ಎಂದು ನಾನು ಹೇಳಿದ್ದೇನೆ. ನೀವೂ ನಿಮ್ಮ ಮನೆಯಲ್ಲಿ ಹೇಳಿರಿ.

— 7ನೇ ತರಗತಿ ವಿದ್ಯಾರ್ಥಿ, ತಾರಿಹಾಳ