ಐದು ವರ್ಷದ ಲೆಕ್ಕ



ಕೋಲಾರ, ಮಾಲೂರು, ಮುಳಬಾಗಿಲುಗಳ ಶಾಲೆಗಳಲ್ಲಿ ಮೂವತ್ತು ವರ್ಷ ಲಾಭ-ನಷ್ಟದ ಲೆಕ್ಕ ಕಲಿಸಿದ ನಾನು, ನಿವೃತ್ತನಾದ ಮೇಲೆ ಒಂದು ಲೆಕ್ಕವನ್ನು ತಪ್ಪಾಗಿ ಮಾಡಿದೆ. ಅದನ್ನು ನಿಮ್ಮೆದುರು ಒಪ್ಪಿಕೊಳ್ಳುವುದೇ ಈ ಬರಹದ ಉದ್ದೇಶ.

ಶ್ರೀನಿವಾಸಪುರದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಾದಾಮಿ ಮಾವಿನ ಕಸಿಗಿಡಗಳೆಂದು ನಂಬಿ ಎಂಬತ್ತು ಸಸಿಗಳನ್ನು ಕೊಂಡು ನೆಟ್ಟ. ಐದನೆಯ ವರ್ಷ ಕಾಯಿ ಬಿಟ್ಟಾಗ ಅದು ಬಾದಾಮಿಯಾಗಿರಲಿಲ್ಲ. ಮಂಡಿಯಲ್ಲಿ ಅರ್ಧ ಬೆಲೆಗೂ ಹೋಗದ ಯಾವುದೋ ಜಾತಿ. ಮಾರಿದವನಿಗೆ ಇದು ಮೊದಲೇ ತಿಳಿದಿತ್ತೆಂಬುದು ಆಮೇಲೆ ಹೊರಬಿತ್ತು. ನಾಚಿಕೆಯಿಂದ ಒಂದು ವರ್ಷ ಬಾಯಿ ಬಿಡದೆ ಇದ್ದು, ಕೊನೆಗೆ ಆತ ಪಂಚಾಯಿತಿ ಸೇರಿಸಿದ. ಹಿರಿಯನೆಂದು ನಾನೂ ಕುಳಿತೆ. ಸಸಿಯ ಹಣ ಹಿಂದಿರುಗಿಸಬೇಕೆಂದು ತೀರ್ಮಾನಿಸಿದೆವು. "ನೋಡಿ ಕೊಳ್ಳಬೇಕಿತ್ತಪ್ಪಾ" ಎಂದು ಬುದ್ಧಿಯನ್ನೂ ಹೇಳಿದೆ.

"ಸಸಿ ದುಡ್ಡು ಬಂತು ಸಾರ್, ಐದು ವರ್ಷ ಯಾರು ಕೊಡ್ತಾರೆ?" ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಹುಡುಕುತ್ತಾ 1872ರ ಭಾರತೀಯ ಕರಾರು ಕಾಯಿದೆಯನ್ನು ಓದಿದೆ. ಮೋಸಹೋದವನು ಕರಾರನ್ನು ರದ್ದುಗೊಳಿಸಬಹುದು. ಇಲ್ಲವೇ, ಹೇಳಿದ ಮಾತು ನಿಜವಾಗಿದ್ದರೆ ತಾನು ಯಾವ ಸ್ಥಿತಿಯಲ್ಲಿರುತ್ತಿದ್ದೆನೋ ಆ ಸ್ಥಿತಿಗೆ ತರಬೇಕೆಂದು ಕೇಳಬಹುದು ಎಂದು ಅದರ 19ನೆಯ ಕಲಂ ಹೇಳುತ್ತದೆ. ಎದುರಿಗೆ ನಿಂತು ಸುಳ್ಳು ಹೇಳಿ ಮಾರಿದವನು "ನೀನು ಪರೀಕ್ಷಿಸಬೇಕಿತ್ತು" ಎಂದು ನುಣುಚಿಕೊಳ್ಳುವಂತಿಲ್ಲ. ಹಾಗಾದರೆ ನನ್ನ ಬುದ್ಧಿಮಾತು ಮೋಸಗಾರನ ಪರವಾದ ವಾದವೇ ಆಗಿತ್ತು!

ಇಂಗ್ಲೆಂಡಿನಲ್ಲಿ ಕಬ್ಬಿಣದ ಸಾಮಾನಿನ ಅಂಗಡಿಯೊಂದನ್ನು ಸುಳ್ಳು ಹೇಳಿ ಮಾರಿದ ಪ್ರಕರಣ ಪ್ರಸಿದ್ಧವಾಗಿದೆ. ಕೆಳ ನ್ಯಾಯಾಲಯ 1,500 ಪೌಂಡ್ ಕೊಡಿಸಿತ್ತು. 1969ರಲ್ಲಿ ಲಾರ್ಡ್ ಡೆನಿಂಗ್ ಅವರಿದ್ದ ಮೇಲ್ಮನವಿ ನ್ಯಾಯಾಲಯ ಅದನ್ನು 5,500ಕ್ಕೆ ಏರಿಸಿತು. ಮೋಸದಿಂದ ನೇರವಾಗಿ ಹುಟ್ಟಿದ ನಷ್ಟವೆಲ್ಲವನ್ನೂ, ಅದು ಮೊದಲೇ ಊಹೆಗೆ ಬಂದಿರಲಿ ಬಾರದಿರಲಿ, ಮೋಸ ಮಾಡಿದವನೇ ತುಂಬಬೇಕೆಂಬುದು ಅಲ್ಲಿನ ತತ್ತ್ವ.

ಯಾವ ದಿನದ ಬೆಲೆಯಿಂದ ಲೆಕ್ಕ ಹಾಕಬೇಕೆಂಬುದೂ ಮುಖ್ಯ. 2023ರ ಜುಲೈ ಕೊನೆಯಲ್ಲಿ ಕೋಲಾರದಿಂದ ಜೈಪುರಕ್ಕೆ ಹೊರಟ, ಸುಮಾರು 21 ಲಕ್ಷ ರೂಪಾಯಿಯ ಟೊಮೆಟೊ ತುಂಬಿದ ಲಾರಿ ಕಾಣೆಯಾದುದು ಪತ್ರಿಕೆಗಳಲ್ಲಿ ಬಂದಿತ್ತು. ಆಗ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಸೆಪ್ಟೆಂಬರಿನ ಹೊತ್ತಿಗೆ ಕುಸಿದುಬಿದ್ದಿತು. ಸರಕು ಕಳೆದುಕೊಂಡವನಿಗೆ ಸೆಪ್ಟೆಂಬರಿನ ಬೆಲೆ ಕಟ್ಟಿಕೊಟ್ಟರೆ ಅದು ನ್ಯಾಯವೆನಿಸೀತೇ?

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ನಷ್ಟವನ್ನು ಸರಿಪಡಿಸಿಕೊಳ್ಳಲು ಇದ್ದ ಉಪಾಯಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕೆಂದು ಅದೇ ಕಾಯಿದೆಯ 73ನೆಯ ಕಲಮಿನ ವಿವರಣೆ ಹೇಳುತ್ತದೆ. ಮೋಸ ಗೊತ್ತಾದ ದಿನದಿಂದ ಕೈಕಟ್ಟಿ ಕೂರುವಂತಿಲ್ಲ. ಮಾವಿನ ಮರವನ್ನು ಬುಡಸಹಿತ ಕೀಳಬೇಕಿಲ್ಲ. ಮೇಲೆ ಕತ್ತರಿಸಿ, ಚಿಗುರಿದ ಕೊಂಬೆಗೆ ಬಾದಾಮಿಯ ಕುಡಿ ಕಸಿ ಮಾಡಿದರೆ ಕೆಲವೇ ವರ್ಷಗಳಲ್ಲಿ ಫಸಲು ಬರುತ್ತದೆ. ಆ ಖರ್ಚು ಮೋಸಗಾರನ ಲೆಕ್ಕಕ್ಕೆ. ವಿವೇಕದಿಂದ ಮಾಡಿದ ಕಸಿ ಕೈಕೊಟ್ಟರೂ ಖರ್ಚು ಅವನದೇ. ಈ ನಡುವೆ ಮಾರಿದ ಕಾಯಿಯ ಹಣವನ್ನು ಮಾತ್ರ ಕಳೆಯಬೇಕು. ತಿಳಿದೂ ಸುಮ್ಮನಿದ್ದ ವರ್ಷದ ನಷ್ಟವನ್ನು ಕೇಳುವುದು ಕಷ್ಟ.

ಆ ಒಂದು ವರ್ಷ ಆತ ಸುಮ್ಮನಿದ್ದುದೇಕೆ? ನಮ್ಮಂಥವರು "ನೋಡಿ ಕೊಳ್ಳಬೇಕಿತ್ತು" ಎನ್ನುವೆವೆಂಬ ಅಂಜಿಕೆಯಿಂದ. ನಮ್ಮ ಮೂದಲಿಕೆಯೂ ಅವನ ನಷ್ಟವನ್ನು ಬೆಳೆಸಿತೆಂದೇ ನನ್ನ ಅಭಿಪ್ರಾಯ.

ಆದ್ದರಿಂದ ಮಕ್ಕಳೇ, ಸಸಿಯಾಗಲಿ, ಬೀಜವಾಗಲಿ, ಇಟ್ಟಿಗೆಯಾಗಲಿ, ರಸೀದಿ ಇಲ್ಲದೆ ಕೊಳ್ಳಬೇಡಿ. ಮೋಸ ತಿಳಿದೊಡನೆ ಬರವಣಿಗೆಯಲ್ಲಿ ತಿಳಿಸಿ, ಫೋಟೋ ತೆಗೆದಿಡಿ, ಖರ್ಚು ಬರೆದಿಡಿ. ಬೀಜ ಕೊಳ್ಳುವ ರೈತನೂ ಗ್ರಾಹಕನೇ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದೆ. ಮೋಸವಾದಲ್ಲಿ ಸಿವಿಲ್ ದಾವೆಯ ವಾಯಿದೆ, ಅದು ಗೊತ್ತಾದಂದಿನಿಂದ ಇಲ್ಲವೇ ಎಚ್ಚರಿಕೆಯಿಂದಿದ್ದರೆ ಗೊತ್ತಾಗಬಹುದಾಗಿದ್ದಂದಿನಿಂದ ಆರಂಭವಾಗುತ್ತದೆ.

ಹೋದ ತಿಂಗಳು ಅವನ ತೋಟಕ್ಕೆ ಹೋಗಿ ನನ್ನ ತಪ್ಪನ್ನು ಒಪ್ಪಿಕೊಂಡೆ. "ಹೋಗ್ಲಿ ಬಿಡಿ ಸಾರ್" ಎಂದು ಕಸಿ ಮಾಡಿದ ಕೊಂಬೆಗಳನ್ನು ತೋರಿಸಿದ. ನಲವತ್ತರಲ್ಲಿ ಕುಡಿ ಹಿಡಿದಿದೆ. ಉಳಿದ ನಲವತ್ತರ ಖರ್ಚನ್ನು ಇಬ್ಬರೂ ಕುಳಿತು ಬರೆದೆವು.