ಹತ್ತುಮೀನು, ಗಾಳ ಮತ್ತು ಕಾಯಿದೆ

ಮೃಗಶಿರಾ ಮಳೆ ಹಿಡಿದು ನಾಲ್ಕು ದಿನ ಕಳೆದಿರುತ್ತದೆ. ಸೊರಬದ ಗದ್ದೆ ಬಯಲಿನಲ್ಲಿ ನಿಂತ ನೀರು ಅಂಚು ಮೀರಿ ಹಳ್ಳಕ್ಕಿಳಿದು, ಅಲ್ಲಿಂದ ದಂಡಾವತಿ ಸೇರುತ್ತದೆ. ಆ ಕೆಂಪು ನೀರು ಬಂದದ್ದೇ ತಡ, ಹೊಳೆಯ ಮೀನು ಹರಿವಿಗೆ ಎದುರಾಗಿ ಮೇಲಕ್ಕೆ ಹೊರಡುತ್ತದೆ. ಹಳ್ಳ ಹತ್ತಿ, ಕಾಲುವೆ ಹತ್ತಿ, ಕೊನೆಗೆ ಮೊಣಕಾಲುದ್ದ ನೀರಿಲ್ಲದ ಗದ್ದೆಗೂ ಬರುತ್ತದೆ. ಮಲೆನಾಡಿನವರು ಇದನ್ನು ಹತ್ತುಮೀನು ಎಂದು ಕರೆಯುತ್ತಾರೆ. ರಾತ್ರಿ ಊಟ ಮುಗಿಸಿ, ಕಂಬಳಿಕೊಪ್ಪೆ ಹಾಕಿಕೊಂಡು, ಒಂದು ಕೈಯಲ್ಲಿ ಬ್ಯಾಟರಿ, ಇನ್ನೊಂದರಲ್ಲಿ ಕತ್ತಿ ಹಿಡಿದು ಹೊರಡುವ ಅಪ್ಪನ ಬೆನ್ನಿಗೆ ಶಾಲೆಗೆ ಹೋಗುವ ಮಗನೂ ಹೊರಡುತ್ತಾನೆ. ಮರುದಿನ ಆತ ತರಗತಿಯಲ್ಲಿ ತೂಕಡಿಸಿದರೆ ಮೇಷ್ಟ್ರು ಕಾರಣ ಕೇಳುವುದಿಲ್ಲ. ಅವರ ಮನೆಯಲ್ಲೂ ಅದೇ ಸಾರು.

ಆದರೆ ಈ ಸಂಭ್ರಮ ಈಗ ಕಾನೂನಿನ ಕಣ್ಣಿಗೆ ಅಪರಾಧ. ಮುಂಗಾರಿನ ಆರಂಭದಲ್ಲಿ, ಸಾಮಾನ್ಯವಾಗಿ ಜೂನ್ ಮತ್ತು ಜುಲೈನಲ್ಲಿ, ನದಿ ಹಾಗೂ ಜಲಾಶಯಗಳಲ್ಲಿ ಮೀನು ಹಿಡಿಯಕೂಡದೆಂದು ಮೀನುಗಾರಿಕೆ ಇಲಾಖೆ ಪ್ರಕಟಣೆ ಹೊರಡಿಸುತ್ತದೆ. "ನಮ್ಮಜ್ಜನ ಕಾಲದಿಂದ ಹಿಡಿದದ್ದು, ಈಗ ಎಂತಕ್ಕೆ ಬ್ಯಾಡ?" ಎಂಬ ಪ್ರಶ್ನೆ ಶಿಕಾರಿಪುರದ ಚಹಾದಂಗಡಿಯಲ್ಲೂ ಕೇಳುತ್ತದೆ, ಸೊರಬದ ಸಂತೆಯಲ್ಲೂ ಕೇಳುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಆ ಮೀನಿನ ಹೊಟ್ಟೆಯಲ್ಲಿದೆ.

ಹತ್ತುಮೀನನ್ನು ಸೀಳಿದರೆ ಒಳಗೆ ರಾಶಿ ಮೊಟ್ಟೆ. ಅದು ಹೊಳೆ ಬಿಟ್ಟು ಗದ್ದೆಗೆ ಬಂದದ್ದು ಹೊಟ್ಟೆಪಾಡಿಗಲ್ಲ, ಬಾಣಂತನಕ್ಕೆ. ಹೊಳೆಯ ಸೆಳವಿಲ್ಲದ, ದೊಡ್ಡ ಮೀನುಗಳ ಕಾಟ ಕಡಿಮೆಯಿರುವ, ಮರಿಗಳಿಗೆ ಬೇಕಾದ ಸೂಕ್ಷ್ಮಜೀವಿಗಳು ಹೇರಳವಾಗಿರುವ ಬೆಚ್ಚನೆಯ ತೆಳುನೀರು ಅದಕ್ಕೆ ಬೇಕು. ಹೊಸ ನೀರು, ಹರಿವು, ತಾಪದ ಇಳಿತ ಇವೆಲ್ಲ ಮೀನಿನ ಮೆದುಳಿಗೆ ಸೂಚನೆ ಕೊಡುತ್ತವೆ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಹಾರ್ಮೋನು ಸುರಿಸುತ್ತದೆ. ಆಗ ಮೊಟ್ಟೆ ಬಲಿತು ಹೊರಬೀಳಲು ಸಿದ್ಧವಾಗುತ್ತದೆ. ನಮ್ಮ ಕಟ್ಲಾ, ರೋಹು, ಮೃಗಾಲ್ ಮೀನುಗಳು ನಿಂತ ಕೆರೆಯಲ್ಲಿ ಎಷ್ಟು ದಪ್ಪವಾದರೂ ಮೊಟ್ಟೆಯಿಡದಿರುವುದು ಈ ಹರಿವಿನ ಸೂಚನೆ ಸಿಗದೆಯೇ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಅಲಿಕುಂಞಿ ಎಂಬ ವಿಜ್ಞಾನಿಗಳು ಪಿಟ್ಯುಟರಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಈ ಮೀನುಗಳಿಂದ ಮೊಟ್ಟೆ ಇಡಿಸಿದರು. ಇಂದು ನಮ್ಮ ಕೆರೆಗಳಿಗೆ ತಂದು ಬಿಡುವ ಮರಿಗಳೆಲ್ಲ ಆ ಚುಚ್ಚುಮದ್ದಿನ ವಂಶದವು ಎಂದರೆ ತಪ್ಪಲ್ಲ.

ಕೆರೆಗೆ ಹಾಗೆ ಮರಿ ತಂದು ಬಿಡಬಹುದು. ವರದಾ, ದಂಡಾವತಿ, ಕುಮುದ್ವತಿಯ ಹಳ್ಳಗಳಲ್ಲಿ ತಾವಾಗಿ ಹುಟ್ಟಿ ಬೆಳೆಯುವ ಕಾಡುಮೀನಿಗೆ ಚುಚ್ಚುಮದ್ದು ಕೊಡುವವರು ಯಾರು? ಒಂದು ಕಿಲೋ ತೂಕದ ಹೆಣ್ಣು ರೋಹುವಿನಲ್ಲಿ 2ರಿಂದ 3 ಲಕ್ಷ ಮೊಟ್ಟೆಗಳಿರುತ್ತವೆ. ಹಳ್ಳದ ಸಣ್ಣ ಜಾತಿಗಳಲ್ಲಿ ಅಷ್ಟಿರಲಾರದು, ಆದರೂ ಕತ್ತಿಯ ಒಂದೇ ಏಟಿಗೆ ಹೋಗುವುದು ಒಂದು ಮೀನಲ್ಲ. ಕುಚ್ಚು ಮೀನಿನ ಕಥೆ ಇನ್ನೂ ದುಃಖದ್ದು. ಅದು ಮರಿಗಳನ್ನು ಕೋಳಿಯಂತೆ ಕಾಯುತ್ತದೆ. ಕೆಂಪಗಿನ ಮರಿಗಳು ಗುಂಪುಗಟ್ಟಿ ನೀರಿನ ಮೇಲೆ ಗುಳುಗುಳು ಎನ್ನುವಾಗ ತಾಯಿತಂದೆ ಕೆಳಗೇ ಇರುತ್ತವೆ. ಅನುಭವಿ ಗಾಳಗಾರರು ಆ ಗುಂಪಿನ ಮಧ್ಯಕ್ಕೇ ಗಾಳ ಎಸೆಯುತ್ತಾರೆ. ಮರಿ ಕಾಯಲು ಮೇಲೆರಗಿದ ಮೀನು ಸಿಕ್ಕಿಬೀಳುತ್ತದೆ, ಕಾವಲಿಲ್ಲದ ಮರಿಗಳನ್ನು ಬೇರೆ ಮೀನುಗಳು ಮುಗಿಸುತ್ತವೆ.

ಕಾಯಿದೆ ಹೊಸದೇನಲ್ಲ. ತೋಟೆ ಸಿಡಿಸಿ, ವಿಷ ಹಾಕಿ ಮೀನು ಕೊಲ್ಲುವುದನ್ನು ಬ್ರಿಟಿಷ್ ಭಾರತದಲ್ಲಿ 1897ರ ಮೀನುಗಾರಿಕೆ ಕಾಯಿದೆಯೇ ನಿಷೇಧಿಸಿತ್ತು. ಶಿಕಾರಿಪುರ, ಸೊರಬಗಳಿದ್ದ ಮೈಸೂರು ಸಂಸ್ಥಾನವೂ ಬೇಟೆಪ್ರಾಣಿ ಮತ್ತು ಮೀನುಗಳ ರಕ್ಷಣೆಗೆಂದು 1901ರಲ್ಲಿ ತನ್ನದೇ ರೆಗ್ಯುಲೇಷನ್ ತಂದಿತು. ಈಗಿರುವುದು ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮ. ಹೆಸರಿನಲ್ಲಿ 1996 ಎಂದಿದ್ದರೂ ಅದು ಕಾಯಿದೆಯಾಗಿ ಬಂದದ್ದು 2003ರಲ್ಲಿ. ತೋಟೆಯ ವಿಷಯದಲ್ಲಿ ಯಾರದೂ ತಕರಾರಿರಬಾರದು. ಅದರ ಆಘಾತಕ್ಕೆ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ, ಸತ್ತ ಮೀನುಗಳಲ್ಲಿ ಬಹುಪಾಲು ತಳಕ್ಕಿಳಿಯುತ್ತವೆ. ಬುಟ್ಟಿಗೆ ಸಿಕ್ಕಿದ್ದು ಹತ್ತಾದರೆ ಕೆಸರಿನಲ್ಲಿ ಕೊಳೆಯುವುದು ಅದಕ್ಕಿಂತ ಹೆಚ್ಚು.

ತಕರಾರಿರುವುದು ಗಾಳದ ಹುಡುಗನ ವಿಷಯದಲ್ಲಿ. ಬಿದಿರು ಕೋಲು, ನೈಲಾನ್ ದಾರ, ಎರೆಹುಳು; ದಿನವಿಡೀ ಕೂತರೆ ನಾಲ್ಕು ಮೀನು. ಇಂಥವನನ್ನೂ ಹಳ್ಳಕ್ಕೆ ಅಡ್ಡಲಾಗಿ ಸಣ್ಣ ಕಣ್ಣಿನ ಬಲೆ ಕಟ್ಟಿ ಮರಿ ಸಮೇತ ಬಾಚುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದರೂ ಯಂತ್ರವಿಲ್ಲದ ನಾಡದೋಣಿಗೆ ವಿನಾಯಿತಿಯುಂಟು. ಕಡಲಿನಲ್ಲಿ ಕಾಣುವ ಆ ವಿವೇಚನೆ ಹಳ್ಳದ ದಡಕ್ಕೂ ಬರಬಹುದಿತ್ತು. ಹಾಗೆಂದು ಹತ್ತುಮೀನಿನ ಕತ್ತಿಗೆ ಯಂತ್ರವಿಲ್ಲ, ಅದಕ್ಕೂ ವಿನಾಯಿತಿ ಕೊಡಿ ಎಂದರೆ ವಿಜ್ಞಾನ ಒಪ್ಪುವುದಿಲ್ಲ.

ಕೆರೆಯದು ಇನ್ನೊಂದು ಜಗಳ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಸ್ತಂಭಶಾಸನ ಕದಂಬ ದೊರೆ ಕಾಕುಸ್ಥವರ್ಮ ಅಲ್ಲಿ ಕೆರೆ ಕಟ್ಟಿಸಿದ್ದನ್ನು ಹೇಳುತ್ತದೆ. ಅದು ಐದನೆಯ ಶತಮಾನದ ಮಾತು. ಅಷ್ಟು ಹಳೆಯ ಕೆರೆಗಳ ಸೀಮೆಯಲ್ಲಿ ಈಗ ಕೆರೆಯ ಮೀನು ಟೆಂಡರು, ಹರಾಜಿನ ಸರಕು. ಗುತ್ತಿಗೆ ಹಿಡಿದವನು ದುಡ್ಡು ಹಾಕಿ ಮರಿ ಬಿಟ್ಟಿರುತ್ತಾನೆ. ಅವನ ಪಾಲಿಗೆ ಗಾಳ ಹಾಕಿದವನು ಕಳ್ಳ. ಗಾಳದವನ ಪಾಲಿಗೆ ಕೆರೆ ಊರಿನದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಈ ಜಗಳಕ್ಕೆ ಊರಿನವರೇ ಹಿಂದೆ ಕಂಡುಕೊಂಡ ಉಪಾಯ ಕೆರೆಬೇಟೆ. 2024ರಲ್ಲಿ ಅದೇ ಹೆಸರಿನ ಸಿನಿಮಾ ಬಂದ ಮೇಲೆ ಬೆಂಗಳೂರಿನವರಿಗೂ ಗೊತ್ತಾಯಿತು. ಬೇಸಿಗೆಯಲ್ಲಿ ನೀರು ತಗ್ಗಿದಾಗ ಊರವರು ದಿನ ಗೊತ್ತುಮಾಡುತ್ತಾರೆ. ಕೂಣಿಯೊಂದಕ್ಕೆ ಇಷ್ಟು ಎಂದು ಹಣ ಕಟ್ಟಿದವರೆಲ್ಲ ಒಟ್ಟಿಗೇ ಇಳಿಯುತ್ತಾರೆ. ಕೂಣಿ ಎಂದರೆ ಬಿದಿರು ಕಡ್ಡಿಯ ಬುಟ್ಟಿ. ತಳ ಅಗಲ, ಕುತ್ತಿಗೆ ಕಿರಿದು. ಕೆಸರಿಗೆ ಒತ್ತಿ, ಒಳಗೆ ಮೀನು ಬಡಿದಾಡಿದರೆ ಮೇಲಿನಿಂದ ಕೈಹಾಕಿ ಹಿಡಿಯುವುದು. ವರ್ಷಕ್ಕೊಂದು ದಿನ, ಮೊಟ್ಟೆಯ ಕಾಲಕ್ಕೆ ಮುಂಚೆ, ಎಲ್ಲರ ಕಣ್ಣೆದುರಿಗೆ. ಇದನ್ನು ರೂಪಿಸಿದವರು ಯಾವ ಕಾಯಿದೆಯನ್ನೂ ಓದಿರಲಿಲ್ಲ.

ನಿಷೇಧವೊಂದೇ ಮೀನನ್ನು ಉಳಿಸುತ್ತದೆಯೇ ಎಂಬುದಕ್ಕೆ ಕಾವೇರಿಯಲ್ಲೊಂದು ಪಾಠವಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದಿದ್ದರು. ಅಂಥ ಮೀನಿನ ಆಸೆಯಿಂದ ದೇಶವಿದೇಶದ ಹವ್ಯಾಸಿಗಳು ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಕ್ಕೆ ಬರುತ್ತಿದ್ದರು. ಹಿಡಿದು, ತೂಗಿ, ಮತ್ತೆ ನೀರಿಗೆ ಬಿಡುವುದು ಅಲ್ಲಿನ ನಿಯಮ. ಹಿಂದೆ ಕಳ್ಳಬೇಟೆಯಾಡುತ್ತಿದ್ದ ಕೆಲವರು ಅಲ್ಲೇ ಮಾರ್ಗದರ್ಶಿಗಳಾಗಿ ಸಂಬಳ ಪಡೆದರು. ಜಾಗ ವನ್ಯಜೀವಿ ಧಾಮದೊಳಗಿದ್ದುದರಿಂದ 2012ರ ಹೊತ್ತಿಗೆ ಗಾಳ ನಿಂತಿತು. ಗಾಳಗಾರರು ಹೋದರೆ ಕಾವಲೂ ಹೋಯಿತು, ತೋಟೆಯವರಿಗೆ ದಾರಿ ಸುಗಮವಾಯಿತು ಎಂಬುದು ಹವ್ಯಾಸಿಗಳ ವಾದ. ಕಾವಲು ಕಾಯುವುದು ಅರಣ್ಯ ಇಲಾಖೆಯ ಕೆಲಸವಲ್ಲವೇ ಎಂದು ಎದುರು ವಾದಿಸಬಹುದು.

ಆದರೆ ಅವರು ಬಿಟ್ಟುಹೋದ ಒಂದು ವಸ್ತುವಿನ ಬೆಲೆ ಅಲ್ಲಗಳೆಯುವಂತಿಲ್ಲ. ಅದು ಗಾಲಿಬೋರೆ ಶಿಬಿರದ ದಾಖಲೆ ಪುಸ್ತಕ. 1998ರಿಂದ 2012ರವರೆಗೆ ಸಿಕ್ಕ ಮೀನು, ಅದರ ತೂಕ ಎಲ್ಲವೂ ಅದರಲ್ಲಿತ್ತು. ಅದನ್ನು ಲೆಕ್ಕಹಾಕಿದ ವಿಜ್ಞಾನಿಗಳಿಗೆ ಕಾಣಿಸಿದ್ದೇನು? ಮೀನಿನ ಒಟ್ಟು ಸಂಖ್ಯೆ ಏರಿತ್ತು, ಆದರೆ ಏರಿದ್ದು ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್. ಕಾವೇರಿಯದೇ ಆದ ಗೂನುಬೆನ್ನಿನ ಮಹಶೀರ್ ಕುಸಿಯುತ್ತಿತ್ತು. ನದಿಗೆ ಮರಿ ಬಿಟ್ಟವರ ಉದ್ದೇಶ ಒಳ್ಳೆಯದೇ ಆಗಿತ್ತು ಎಂಬುದು ಇಲ್ಲಿನ ವ್ಯಂಗ್ಯ. 2018ರಲ್ಲಿ ಗೂನುಬೆನ್ನಿನ ಮಹಶೀರ್ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಹವ್ಯಾಸಿಗಳ ಆ ಪುಸ್ತಕವಿಲ್ಲದಿದ್ದರೆ ಈ ಕುಸಿತ ಇಷ್ಟು ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ದಂಡಾವತಿಯ ಹತ್ತುಮೀನಿಗೆ ಅಂಥ ಪುಸ್ತಕವಿಲ್ಲ. ಯಾವ ಮಳೆಗೆ ಯಾವ ಹಳ್ಳದಲ್ಲಿ ಯಾವ ಮೀನು ಹತ್ತಿತೆಂಬುದು ಕತ್ತಿ ಹಿಡಿದು ಹೊರಡುವ ಅಪ್ಪಂದಿರ ನೆನಪಿನಲ್ಲಷ್ಟೇ ಇದೆ. ಅದನ್ನು ಕೇಳಿ ನೋಟ್‌ಬುಕ್ಕಿಗೆ ಇಳಿಸಲು ಹೈಸ್ಕೂಲಿನ ಹುಡುಗರಿಗೆ ಲೈಸೆನ್ಸು ಬೇಕಿಲ್ಲ, ಅದಕ್ಕೆ ಜೂನ್-ಜುಲೈನ ನಿಷೇಧವೂ ಅಡ್ಡಿಯಲ್ಲ. ಮಳೆ ಇಳಿದ ಮೇಲೆ ಗದ್ದೆಯ ನೀರಿನೊಂದಿಗೆ ಬೆರಳುದ್ದದ ಮರಿಗಳು ಹೊಳೆಗೆ ಮರಳುತ್ತವೆ. ಆಗ ಅಂಚಿನ ಬಾಯಿಗೆ ಬುಟ್ಟಿಯಿಟ್ಟು ಅವನ್ನೂ ಹಿಡಿಯುವವರಿದ್ದಾರೆ. ಆ ಹೊತ್ತಿಗೆ ನಿಷೇಧದ ಎರಡು ತಿಂಗಳು ಮುಗಿದಿರುತ್ತವೆ.