‘ಎಂದು ಭಾವಿಸಿಕೊಂಡು’ ಪತ್ರ ಬರೆಯುವ ಮಕ್ಕಳು

ಮೇ ಕೊನೆಗೆ ನಮ್ಮ ಕಡೆ ಸರ್ಕಾರಿ ಶಾಲೆಗಳ ಬಾಗಿಲು ತೆಗೆದವು. ಗೇಟಿಗೆ ಮಾವಿನ ಸೊಪ್ಪಿನ ತೋರಣ, ಮಕ್ಕಳ ಕೈಗೊಂದು ಹೂವು, ಮಧ್ಯಾಹ್ನ ಪಾಯಸ. ಪ್ರಾರಂಭೋತ್ಸವದ ಫೋಟೊ ತೆಗೆದು ಪೇಪರಿಗೆ ಕಳಿಸುವುದು ಪ್ರತಿವರ್ಷ ನನ್ನ ಪಾಲಿನ ಕೆಲಸ. ಹೋದ ವರ್ಷದ ಫೋಟೊನೇ ಕಳಿಸಿದರೂ ಡೆಸ್ಕಿನವರಿಗೆ ಗೊತ್ತಾಗುವುದಿಲ್ಲ, ಆದರೂ ಹೋಗುತ್ತೇನೆ.

ಫೋಟೊ ತೆಗೆದು ಬೈಕಿನ ಹತ್ತಿರ ಬಂದಾಗ ಕನ್ನಡ ಮೇಷ್ಟ್ರು ಹಿಂದೆಯೇ ಬಂದರು. “ಈ ವರ್ಸಾನೂ ಶನಿವಾರ ಬತ್ತೀರಲ್ವಾ?” ಅಂತ ಕೇಳಿದರು. “ನೋಡನ ಸಾ” ಅಂದೆ. ಎರಡು ವರ್ಷದಿಂದ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಬರವಣಿಗೆ ಹೇಳಿಕೊಡುತ್ತಿದ್ದೇನೆ. ಸಂಬಳವಿಲ್ಲ, ಆರ್ಡರ್ ಕಾಪಿ ಇಲ್ಲ. ಹಾಗಿದ್ದೂ ಈ ಸಲ ‘ನೋಡನ’ ಅಂದಿದ್ದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ.

ಹತ್ತನೇ ಕ್ಲಾಸು ಓದಿದವರಿಗೆಲ್ಲ ಕನ್ನಡ ಪ್ರಶ್ನೆಪತ್ರಿಕೆಯ ಪತ್ರಲೇಖನ ನೆನಪಿರುತ್ತದೆ. ‘ನಿಮ್ಮನ್ನು ಇಂಥ ಊರಿನ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿ ಎಂದು ಭಾವಿಸಿಕೊಂಡು, ನಿಮ್ಮೂರಿಗೆ ಕುಡಿಯುವ ನೀರಿನ ಸೌಲಭ್ಯ ಕೋರಿ ಪಂಚಾಯಿತಿ ಅಧ್ಯಕ್ಷರಿಗೆ ಪತ್ರ ಬರೆಯಿರಿ’ ಅನ್ನುವ ತರದ್ದು. ಆ ಮಗು ನಿಜವಾಗಿಯೂ ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿ. ಅದರ ಊರಲ್ಲಿ ನಿಜವಾಗಿಯೂ ನೀರು ಮೂರು ದಿನಕ್ಕೊಂದು ಸಲ ಬರುತ್ತದೆ. ಆದರೂ ಬೇರೆ ಯಾರೋ ಎಂದು ಭಾವಿಸಿಕೊಂಡು, ಕಾಣದ ಊರಿನ ನೀರಿಗಾಗಿ, ಗೈಡಿನಲ್ಲಿದ್ದ ಪತ್ರವನ್ನು ಬಾಯಿಪಾಠ ಮಾಡಿ ಬರೆಯಬೇಕು. ಇವರಿಂದ, ಇವರಿಗೆ, ಮಾನ್ಯರೇ, ವಿಷಯ, ಇಂತಿ ತಮ್ಮ ವಿಶ್ವಾಸಿ. ಇಷ್ಟು ಸರಿಯಿದ್ದರೆ ಅಂಕ ಬರುತ್ತದೆ. ಉತ್ತರಪತ್ರಿಕೆಯಲ್ಲಿ ಮಗುವಿನ ಗುರುತು ಸಿಗಬಾರದು ಅಂತ ಹಾಗೆ ಕೇಳುತ್ತಾರೆ, ಅದು ಸರಿಯೇ. ತೊಂದರೆ ಏನೆಂದರೆ, ಪರೀಕ್ಷೆಯ ಮೂರು ಗಂಟೆಗೆ ಮಾಡಿದ ಈ ನಿಯಮವನ್ನು ನಾವು ವರ್ಷಪೂರ್ತಿ ತರಗತಿಯೊಳಗೂ ನಡೆಸುತ್ತೇವೆ.

ಮೇಷ್ಟ್ರುಗಳನ್ನು ಬೈಯುವುದು ಸುಲಭ. ಜೂನ್ ತಿಂಗಳಲ್ಲಿ ಒಂದು ಶಾಲೆಯ ಸ್ಟಾಫ್ ರೂಮಿನಲ್ಲಿ ಅರ್ಧ ಗಂಟೆ ಕೂತು ನೋಡಿ. ಸೇತುಬಂಧದ ಪೂರ್ವ ಪರೀಕ್ಷೆ, ಸಾಫಲ್ಯ ಪರೀಕ್ಷೆ, ಅದರ ಅಂಕಪಟ್ಟಿ, ದಾಖಲಾತಿ, ಆಧಾರ್ ಹೆಸರು ಹೊಂದದ ಮಕ್ಕಳು, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು ಅನ್ನುವ ಲೆಕ್ಕ. ಇದರ ನಡುವೆ ಎಂಬತ್ತು ಮಕ್ಕಳ ಸ್ವಂತ ಬರಹ ಓದಿ ತಿದ್ದಿ ಅಂದರೆ ಯಾರಿಂದ ಆಗುತ್ತದೆ? ಅದಕ್ಕೇ ಮೊದಲ ವಾರ ‘ನಾನು ಬೇಸಿಗೆ ರಜೆ ಕಳೆದ ಬಗೆ’ ಅಂತ ಬೋರ್ಡಿನ ಮೇಲೆ ಬರೆದು ಬಿಡುತ್ತಾರೆ. ಮಕ್ಕಳು ಅಜ್ಜಿ ಮನೆ, ಮಾವಿನ ತೋಪು, ಮೈಸೂರು ಮೃಗಾಲಯ ಅಂತ ಬರೆಯುತ್ತಾರೆ. ಅಜ್ಜಿಯೂ ಇದೇ ಮನೆಯಲ್ಲಿರುವ ಮಗು ಕೂಡ ಅಜ್ಜಿ ಮನೆಗೆ ಹೋಗಿ ಬರುತ್ತದೆ.

ನಾನು ಮೊದಲ ವರ್ಷ ರಜೆಯಲ್ಲಿ ಒಂದೇ ಒಂದು ದಿನದ್ದು ಬರೆಯಿರಿ ಅಂದೆ. ಡಿಪ್ಲೊಮಾದಲ್ಲಿ ಕಲಿತದ್ದನ್ನೇ ಹೇಳಿದೆ: ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ. ಪೀಠಿಕೆ ಬೇಡ, ಉಪಸಂಹಾರ ಬೇಡ. ಒಬ್ಬ ಹುಡುಗ ಬರೆದಿದ್ದ: “ನಮ್ಮವ್ವ ಸುಂಟಿ ಕೆಲಸಕ್ಕ ಕೇರಳಕ್ಕ ಹೋಗವ್ಳ. ನಾನು ಹಿಟ್ಟು ತೊಳಸಿ ತಮ್ಮುನ್ಗ ಇಕ್ದಿ. ಗಂಟಾಗಿತ್ತು. ಅವ ಏನೂ ಅನ್ನನಿಲ್ಲ.” ಇಷ್ಟೇ. ಹತ್ತು ವರ್ಷದಿಂದ ವಲಸೆ ಬಗ್ಗೆ ವರದಿ ಕಳಿಸುತ್ತಿದ್ದೇನೆ, ಮುದ್ದೆ ಗಂಟಾಗಿದ್ದರೂ ತಮ್ಮ ಸುಮ್ಮನೆ ಉಂಡದ್ದು ನನ್ನ ಯಾವ ವರದಿಯಲ್ಲೂ ಬಂದಿಲ್ಲ.

ಮೇಷ್ಟ್ರು ಅದನ್ನು ಕೆಂಪು ಪೆನ್ನಿನಲ್ಲಿ ‘ಹೋಗಿದ್ದಾರೆ’, ‘ಬಡಿಸಿದೆನು’ ಅಂತ ತಿದ್ದಿದ್ದರು. ನಮ್ಮಿಬ್ಬರಿಗೂ ಅಲ್ಲೇ ವಾದ ಹತ್ತಿತು. ಪರೀಕ್ಷೆಯಲ್ಲಿ ಈ ಭಾಷೆಗೆ ಅಂಕ ಹೋಗುತ್ತದೆ ಅನ್ನುವುದು ಅವರ ಮಾತು, ಅದರಲ್ಲಿ ಸುಳ್ಳಿಲ್ಲ. ಆದರೆ ನಮ್ಮ ಪಕ್ಕದ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ದೇವನೂರ ಮಹಾದೇವ ‘ಕುಸುಮಬಾಲೆ’ ಬರೆದರು, ಅದಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದನ್ನು ಹೇಳಿದಾಗ ಮೇಷ್ಟ್ರು ನಕ್ಕು, “ಅಕಾಡೆಮಿಯವ್ರು ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಕ್ಕೆ ಬರಲ್ಲ ಕನಪ್ಪ” ಅಂದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಶನಿವಾರ ಮನೆಮಾತು, ವಾರದ ದಿನ ಪುಸ್ತಕದ ಮಾತು. ಮಕ್ಕಳಿಗೆ ಎರಡೂ ಬರುತ್ತದೆ. ಗೊಂದಲವಿದ್ದದ್ದು ನಮಗೆ.

ಪತ್ರವನ್ನೂ ಬರೆಸಿದೆ, ಭಾವಿಸಿಕೊಳ್ಳದೆ. ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕ ಇರಲಿಲ್ಲ, ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕಿತ್ತು. ಎಷ್ಟು ದಿನದಿಂದ, ಎಷ್ಟು ಜನರಿಗೆ, ಚಿಲಕಕ್ಕೆ ಅಂಗಡಿಯಲ್ಲಿ ಎಷ್ಟು ರೇಟು, ಎಲ್ಲ ಕೇಳಿಕೊಂಡು ಬಂದು ಹದಿನಾಲ್ಕು ಹುಡುಗಿಯರು ಸಹಿ ಹಾಕಿ ಪಂಚಾಯಿತಿಗೆ ಕೊಟ್ಟರು. ಸದಸ್ಯರೊಬ್ಬರು ಹೆಡ್‌ಮಾಸ್ಟರಿಗೆ ಫೋನ್ ಮಾಡಿ “ಮಕ್ಕಳ ಕೈಲಿ ರಾಜಕೀಯ ಮಾಡುಸ್ತಿದ್ದೀರಾ” ಅಂತ ರೇಗಿದರು. ಅದೇ ವಾರ ಚಿಲಕವೂ ಬಂತು. ಮಕ್ಕಳ ಗ್ರಾಮಸಭೆಯಲ್ಲಿ ಮೈಕ್ ಕೊಟ್ಟು ಕೇಳುವ ಪ್ರಶ್ನೆಯನ್ನು ಕಾಗದದಲ್ಲಿ ಕೇಳಿದರೆ ಯಾಕೆ ಸಿಟ್ಟೋ!

ಈಗ ‘ನೋಡನ’ ಅಂದಿದ್ದರ ಕಾರಣಕ್ಕೆ ಬರುತ್ತೇನೆ. ಹೋದ ವರ್ಷ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ರಾತ್ರಿ ಮನೆಯಲ್ಲಿ ನಡೆದದ್ದನ್ನು ಬರೆದಿದ್ದಳು. ಕುಡಿತದ ವಿಷಯ, ಇನ್ನು ಹೆಚ್ಚು ಹೇಳಲಾರೆ. ಅಷ್ಟು ಚೆನ್ನಾಗಿ ಯಾರೂ ಬರೆದಿರಲಿಲ್ಲ. ನಾನು ಅದನ್ನು ಗೋಡೆ ಪತ್ರಿಕೆಗೆ ಹಾಕಿದೆ. ಹೆಸರು ಹಾಕಲಿಲ್ಲ, ಅಷ್ಟೇ ಸಾಕು ಅಂದುಕೊಂಡೆ. ಇನ್ನೂರು ಮನೆಯ ಊರಲ್ಲಿ ಕೈಬರಹ ಸಾಕಲ್ಲವೇ? ಸಂಜೆಯೊಳಗೆ ಸುದ್ದಿ ಮನೆ ಮುಟ್ಟಿತು. ಅವಳ ತಾಯಿ ಮರುದಿನ ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಕೇಳಿದರು: “ಬಡವ್ರ ಮನ ಮಾತ ಹಿಂಗ ಗೋಡಗ ಅಂಟುಸ್ತರಾ ಕನಪ್ಪ?” ನನ್ನ ಹತ್ತಿರ ಉತ್ತರವಿರಲಿಲ್ಲ. ಹುಡುಗಿ ಶನಿವಾರ ಬರುವುದನ್ನು ನಿಲ್ಲಿಸಿದಳು.

ತೊಂದರೆಯಲ್ಲಿರುವ ಮಗುವಿನ ಗುರುತು ಬಯಲು ಮಾಡಬಾರದು ಅಂತ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಹೆಸರಷ್ಟೇ ಅಲ್ಲ, ವಿಳಾಸ, ಶಾಲೆ, ಫೋಟೊ, ಗುರುತು ಹತ್ತುವ ಯಾವುದನ್ನೂ ಪತ್ರಿಕೆ ಕೊಡುವಂತಿಲ್ಲ. ನಾನು ಇದನ್ನು ಓದಿ ಪಾಸಾದವನು. ವರದಿಯಲ್ಲಿ ಒಮ್ಮೆಯೂ ತಪ್ಪಿಲ್ಲ. ಶಾಲೆಯ ಗೋಡೆಯೂ ಒಂದು ಪತ್ರಿಕೆ ಅನ್ನುವುದು ಮಾತ್ರ ಹೊಳೆಯಲಿಲ್ಲ. ಒಳ್ಳೆಯ ಬರಹ ಸಿಕ್ಕಿತಲ್ಲ ಅನ್ನುವ ಆಸೆ, ಸ್ಟ್ರಿಂಗರ್ ಬುದ್ಧಿ.

ಇದಾದ ಮೇಲೆ ಕೆಲವರು ಬುದ್ಧಿ ಹೇಳಿದರು: ಮಕ್ಕಳ ಕೈಲಿ ಪರಿಸರ, ಗ್ರಂಥಾಲಯದ ಮಹತ್ವ ಅಂತ ಬರೆಸಿ, ಯಾರಿಗೂ ತೊಂದರೆ ಇಲ್ಲ. ನಾನು ಒಪ್ಪುವುದಿಲ್ಲ. ನಾನು ಮಾಡಿದ ತಪ್ಪಿಗೆ ಮಕ್ಕಳ ಬಾಯಿ ಯಾಕೆ ಕಟ್ಟಬೇಕು? ಅವಳು ಬರೆದದ್ದು ತಪ್ಪಲ್ಲ, ನಾನು ಅಂಟಿಸಿದ್ದು ತಪ್ಪು. ಓದಿದ ಕೂಡಲೇ ಅವಳನ್ನು ಕರೆದು, ಇದನ್ನು ಯಾರಿಗೆ ಹೇಳಬೇಕು ಅಂತಿದ್ದೀಯವ್ವ ಎಂದು ಕೇಳಬೇಕಿತ್ತು. ಬೇಕಿದ್ದರೆ 1098ಕ್ಕೆ ಫೋನ್ ಮಾಡಬಹುದು ಅಂತ ಹೇಳಬೇಕಿತ್ತು. ಎರಡನ್ನೂ ಮಾಡದೆ ಗೋಂದು ಹುಡುಕಿದೆ.

ಮೇಷ್ಟ್ರಿಗೆ ಫೋನ್ ಮಾಡಿ ಬರುತ್ತೇನೆ ಅಂದಿದ್ದೇನೆ. ಈ ವರ್ಷ ಪ್ರತಿ ಮಗುವಿಗೂ ಎರಡು ನೋಟ್‌ಬುಕ್. ಒಂದು ನಾವು ಓದುವುದು, ಗೋಡೆಗೆ ಹೋಗುವುದು, ಪಂಚಾಯಿತಿಗೆ ಹೋಗುವುದು. ಇನ್ನೊಂದು ಮಗುವಿನದು, ಅದಾಗಿಯೇ ತೋರಿಸಿದರೆ ಮಾತ್ರ ನಾನು ಮುಟ್ಟುತ್ತೇನೆ. ಮನೆಯಲ್ಲಿರುವ ಅಪ್ಪ, ಅವ್ವ, ಅಣ್ಣಂದಿರಿಗೂ ಇದನ್ನೇ ಕೇಳಿಕೊಳ್ಳುತ್ತೇನೆ: ಆ ಎರಡನೇ ಪುಸ್ತಕ ಬ್ಯಾಗಿನಲ್ಲಿ ಸಿಕ್ಕರೆ ಬಿಚ್ಚಬೇಡಿ.

ಆ ಹುಡುಗಿ ಈಗ ಹತ್ತನೇ ಕ್ಲಾಸು. ಪ್ರಾರಂಭೋತ್ಸವದ ಫೋಟೊದಲ್ಲಿ ಎರಡನೇ ಸಾಲಿನ ತುದಿಯಲ್ಲಿದ್ದಳು, ಕ್ಯಾಮೆರಾ ಕಡೆ ನೋಡುತ್ತಿರಲಿಲ್ಲ. ಆ ಫೋಟೊ ಬಿಟ್ಟು ಬೇರೆಯದನ್ನು ಕಳಿಸಿದೆ. ಅವಳ ಹಳೆ ಬರಹ ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಶನಿವಾರ ಅದನ್ನು ಕವರಿಗೆ ಹಾಕಿ ಅವಳ ಕೈಗೇ ವಾಪಸ್ ಕೊಡಬೇಕು.